ಖಾಲಿ ಡಬ್ಬಿಗಳು

ಮಾತ್ರೆಗಳು ಮುಳುಗಲೊಲ್ಲವು. ಆಸ್ಪತ್ರೆಯ ಶೌಚಾಲಯದಲ್ಲಿ ಚಿಲಕ ಹಾಕಿಕೊಂಡು ಕಿಡಿ ಇನ್ನೊಂದು ಬಕೆಟ್ ನೀರು ಸುರಿದ. ಬಿಳಿ ಗುಂಡುಗಳು ಸುತ್ತು ಹೊಡೆದು ಮತ್ತೆ ಮೇಲೆ ಬಂದವು. ಥೇಟ್ ಡಾಕ್ಟರಮ್ಮನ ಮುಖ. ಎಷ್ಟು ಬೈದರೂ ತಣ್ಣಗೇ ಇರುತ್ತೆ. ಮತ್ತೊಂದು ಬಕೆಟ್ಟಿಗೆ ಹೋದವು.

ಹೊರಗೆ ಬೆಂಚಿನ ಮೇಲೆ ಬಸ್ ಕಂಡಕ್ಟರು ಕಾಯುತ್ತಿದ್ದ. ಖಾಲಿ ಡಬ್ಬಿಯನ್ನು ನಡುಗುವ ಕೈಯಲ್ಲಿ ಇಸಿದುಕೊಂಡ.

“ಹೋಯ್ತಾ?”

“ಗಟಾರಕ್ಕೂ ವಾಂತಿ ಬಂದಿರುತ್ತೆ. ಒಳಗೆ ಹೋಗಿ ಡಬ್ಬಿ ವಾಪಸ್ ಕೊಡು. ಕೇಳಿದರೆ ದಿನಾ ನುಂಗಿದೆ ಅನ್ನು.”

“ಅಂತೂ ಟಿಕೆಟ್ ಹರಿದುಬಿಟ್ಟೆ. ಇನ್ನು ಬಸ್ಸು ಎಲ್ಲಿಗೆ ಹೋದರೂ ಕೂತಿರೋದೇ.”

ಕಿಡಿ ವೆಲ್ಡಿಂಗ್ ಕೆಲಸದವನು. ಆ ಅಡ್ಡಹೆಸರು ಕೆಲಸದಿಂದ ಬಂತೋ ಬಾಯಿಂದ ಬಂತೋ, ಇಟ್ಟವರಿಗೇ ನೆನಪಿಲ್ಲ.

ಊರಲ್ಲಿ ಹಲವರಿಗಿದ್ದ ನಡುಕದ ರೋಗ ಅವನ ಮನೆತನಕ್ಕೂ ಅಂಟಿಕೊಂಡಿತ್ತು. ಮೊದಲು ಬೆರಳು, ಆಮೇಲೆ ಕಾಲು, ಕಡೆಗೆ ಗಂಟಲು. ಅಣ್ಣನಿಗೂ ಹಿಡಿಯಿತು, ಅಮ್ಮನಿಗೂ ಹಿಡಿಯಿತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಸ ಮಾತ್ರೆಯ ಪ್ರಯೋಗ ಶುರುಮಾಡಿದಾಗ ಇಬ್ಬರನ್ನೂ ಕರೆತಂದು ಸೇರಿಸಿದವನು ಇವನೇ. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಹಿಟ್ಟಿನ ಮಾತ್ರೆ. ನೋಡಲು ಎರಡೂ ಒಂದೇ. ಯಾರಿಗೆ ಯಾವುದು ಎಂಬ ಗುಟ್ಟು ದೂರದ ಕಂಪನಿಯದು. ಪ್ರಯೋಗ ಮುಗಿಯುವವರೆಗೆ ಕೊಟ್ಟವರಿಗೂ ತಿಳಿಯದು, ತಿಂದವರಿಗೂ ತಿಳಿಯದು.

ಅಣ್ಣ ಒಂದು ಗುಟುಕು ನೀರು ನೆತ್ತಿಗೇರಿ ಸತ್ತ. ತಮ್ಮನ ತೊಡೆಯ ಮೇಲೆಯೇ.

“ಏನು ಕೊಟ್ಟಿದ್ರಿ ಅವನಿಗೆ?” ಎಂದು ಕಿಡಿ ಡಾಕ್ಟರಮ್ಮನ ಮೇಜು ಗುದ್ದಿ ಕೇಳಿದ್ದ.

“ನನಗೂ ಗೊತ್ತಿಲ್ಲಪ್ಪ.”

ಗೊತ್ತಿಲ್ಲವಂತೆ! ಬೀದಿನಾಯಿಗೆ ಕೂಳು ಹಾಕುವವರಿಗೂ ಏನು ಹಾಕಿದೆವೆಂದು ಗೊತ್ತಿರುತ್ತದೆ. ಅವತ್ತೇ ಅವನು ನಿರ್ಧಾರ ಮಾಡಿದ. ಇವಳ ಮೈ ಮುಟ್ಟುವುದಿಲ್ಲ. ಗಂಡ ಮಕ್ಕಳಿಲ್ಲದ ಈ ಹೆಂಗಸಿಗೆ ಈ ಪ್ರಯೋಗವೇ ಕೂಸು. ಕೂಸನ್ನೇ ಮುಗಿಸುತ್ತೇನೆ. ಕೈಯಲ್ಲಿ ಹೆಣ ಹಿಡಿದು ಕೂರುವುದು ಹೇಗಿರುತ್ತದೆಂದು ಅವಳೂ ನೋಡಲಿ.

ಮೊದಲು ಮನೆಯಿಂದಲೇ ಶುರು. “ಅಮ್ಮಾ, ಇನ್ನೊಂದು ಮಾತ್ರೆ ಬಾಯಿಗೆ ಹಾಕಿದ್ರೆ ನಾನು ನಿನ್ನ ಮಗನಲ್ಲ.”

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಮ್ಮ ತಲೆ ಎತ್ತಲಿಲ್ಲ. “ಆಯ್ತಪ್ಪ. ಎಸೀತೀನಿ.”

ಎಸೆದದ್ದೇ ತಡ, ಅಮ್ಮ ಸುಧಾರಿಸುತ್ತಾ ಬಂದಳು. ಗೋಡೆ ಹಿಡಿಯದೆ ನಡೆದಳು. ಲೋಟ ತುಂಬ ನೀರನ್ನು ಚೆಲ್ಲದೆ ಕುಡಿದಳು. ಅಣ್ಣನಿಗೆ ನಡುಕ ಹಿಡಿಯುವ ಮುನ್ನ ಅವನೇ ಪೋಣಿಸಿಕೊಡುತ್ತಿದ್ದ ಸೂಜಿಗೆ ಈಗ ತಾನೇ ದಾರ ಹಾಕಿದಳು, ಒಂದೇ ಸಲಕ್ಕೆ. ಕಿಡಿಗೆ ಇನ್ನೇನು ಸಾಕ್ಷಿ ಬೇಕು? ಪ್ರಯೋಗಕ್ಕೆ ಸೇರಿದವರ ಮನೆಮನೆಗೂ ಅಮ್ಮನನ್ನು ಕರೆದುಕೊಂಡು ಹೋದ.

“ನೋಡಿ, ಕಣ್ಣಾರೆ ನೋಡಿ! ವಿಷ ಬಿಟ್ಟ ಮೇಲೆ ನಮ್ಮಮ್ಮ ಹೇಗಾಗಿದ್ದಾಳೆ!”

ಅಮ್ಮ ಬಾಗಿಲಲ್ಲೇ ನಿಂತು ಸೆರಗಿನ ತುದಿ ಸುತ್ತುತ್ತಿದ್ದಳು. ವಾಪಸ್ಸು ಬರುವ ದಾರಿಯಲ್ಲಿ ಒಮ್ಮೆ, “ಅವರವರ ಪಾಡಿಗೆ ಅವರನ್ನು ಬಿಡೋ,” ಎಂದಳು. ಕಿಡಿ ತಿರುಗಿ ನೋಡಿದ ರೀತಿಗೆ ಬಾಯಿ ಮುಚ್ಚಿಕೊಂಡಳು.

ಕಂಡಕ್ಟರು ಅವನ ಬಲೆಗೆ ಬಿದ್ದ, ಕ್ಷೌರದಂಗಡಿಯವನು ಬಿದ್ದ, ನಿವೃತ್ತ ಟೀಚರೂ ಬಿದ್ದರು. ಪ್ರತಿ ತಿಂಗಳೂ ಅಮ್ಮನದೂ ಸೇರಿ ಖಾಲಿ ಡಬ್ಬಿಗಳು ಶಿಸ್ತಾಗಿ ಆಸ್ಪತ್ರೆಗೆ ಮರಳಿದವು, ತುಂಬಿದ ಡಬ್ಬಿಗಳು ಬಂದವು. ಡಬ್ಬಿ ಖಾಲಿ, ಉಳಿದವರ ನಡುಕ ಮಾತ್ರ ಹಾಗೇ.

ವರ್ಷ ತಿರುಗುವಷ್ಟರಲ್ಲಿ ಸುದ್ದಿ ಬಂತು. ಕಿಡಿ ಕೆಲಸಕ್ಕೆ ಚಕ್ಕರ್ ಹೊಡೆದು ಆಸ್ಪತ್ರೆಗೆ ಓಡಿದ. ಕಣ್ತುಂಬ ನೋಡಬೇಕಿತ್ತು ಅವನಿಗೆ.

ಡಾಕ್ಟರಮ್ಮನ ಕಪಾಟು ಬರಿದಾಗಿತ್ತು. ಹಿತ್ತಲಿನ ಕಸ ಸುಡುವ ಕುಲುಮೆಯಿಂದ ಹೊಗೆ ಏಳುತ್ತಿತ್ತು.

“ಕಂಪನಿಯವರು ನಿಲ್ಲಿಸಿಬಿಟ್ಟರು,” ಎಂದಳು ಕಿಟಕಿಯಾಚೆ ನೋಡುತ್ತಾ. “ಔಷಧಿಗೂ ಹಿಟ್ಟಿಗೂ ವ್ಯತ್ಯಾಸವೇ ಕಾಣಲಿಲ್ಲವಂತೆ. ಉಳಿದ ಮಾತ್ರೆಯೆಲ್ಲ ಅಲ್ಲಿ ಉರೀತಿದೆ. ಇನ್ನು ಅದನ್ನ ತಯಾರಿಸೋದೇ ಇಲ್ಲ.”

“ಅಯ್ಯೋ ಪಾಪ,” ಎಂದ ಕಿಡಿ.

“ಅವತ್ತು ಕೇಳಿದ್ದೆಯಲ್ಲ. ಇವತ್ತು ನನಗೂ ಗೊತ್ತಾಯ್ತು. ನಿಮ್ಮಣ್ಣನಿಗೆ ಸಿಕ್ಕಿದ್ದು ಹಿಟ್ಟಿನ ಮಾತ್ರೆ.”

“ಹೇಳಿ, ಹೇಳಿ. ಸತ್ತೋನು ಎದ್ದು ಬಂದು ಇಲ್ಲ ಅಂತಾನಾ?”

ಅವಳು ಸಿಟ್ಟಾಗಲಿಲ್ಲ. “ಔಷಧಿ ಸಿಕ್ಕವರಲ್ಲಿ ನಿಮ್ಮ ತಾಯಿ ಒಬ್ಬರೇ ಚೇತರಿಸಿಕೊಂಡಿದ್ದು. ಅವರ ಕೈ ನೋಡಿದಾಗಲೆಲ್ಲ ನನಗೆ ಆಸೆ ಚಿಗುರ್ತಿತ್ತು. ಆದ್ರೆ ಒಬ್ಬರನ್ನ ತೋರಿಸಿದ್ರೆ ಯಾರು ಕಿವಿಗೆ ಹಾಕ್ಕೋತಾರೆ?”

ಇದೇ ಗಳಿಗೆಗೆ ಅವನು ವರ್ಷವಿಡೀ ಹಲ್ಲು ಕಚ್ಚಿಕೊಂಡಿದ್ದ. ಮೇಜಿನ ಮೇಲೆ ಬಾಗಿ, ಮುಖಕ್ಕೆ ಮುಖ ಇಟ್ಟು ಹೇಳಿದ: “ನಮ್ಮಮ್ಮ ನಿಮ್ಮ ಮಾತ್ರೆ ಮುಟ್ಟೇ ಇಲ್ಲ ಡಾಕ್ಟರಮ್ಮಾ. ಮುಟ್ಟದೇ ಇದ್ದಿದ್ದಕ್ಕೇ ಚೆನ್ನಾಗಾಗಿದ್ದು. ಉಳಿದವರೂ ಮುಟ್ಟಿಲ್ಲ. ಎಲ್ಲಾ ನಿಮ್ಮ ಪಾಯಿಖಾನೆಗೇ ಹೋಗಿದೆ. ಕೈಯಾರೆ ಹಾಕಿದೋನು ನಾನು!”

ಆ ತಣ್ಣನೆ ಮುಖ ಕಡೆಗೂ ಒಡೆಯಿತು. ಅವಳು ಕುರ್ಚಿ ತಡಕಾಡಿ ಕೂತಳು. ಬಾಯಿ ತೆರೆದೇ ಇತ್ತು. ಗುಟುಕು ನೀರಿಗೆ ಒದ್ದಾಡಿದ ಅಣ್ಣನ ಬಾಯಿಯೂ ಹೀಗೇ ತೆರೆದಿತ್ತು. ಸಾಕು, ಲೆಕ್ಕ ಚುಕ್ತಾ.

ಬೀದಿಯುದ್ದಕ್ಕೂ ಶಿಳ್ಳೆ ಹಾಕುತ್ತಾ ಮನೆಗೆ ಬಂದ. ಅಮ್ಮ ಕಿಟಕಿ ಬೆಳಕಿಗೆ ಸೂಜಿ ಹಿಡಿದಿದ್ದಳು. ದಾರ ಮೊದಲನೇ ಸಲಕ್ಕೇ ಸಲೀಸಾಗಿ ತೂರಿತು. ಮಗನ ಮುಖ ನೋಡಿ ಅವಳ ಮುಖವೂ ಅರಳಿತು. ಬಟ್ಟೆ ತುಂಡುಗಳ ಬುಟ್ಟಿಯ ತಳದಿಂದ ಏನನ್ನೋ ತೆಗೆದಳು.

“ಎಷ್ಟು ದಿನದ ಮೇಲೆ ನಗ್ತಿದೀಯ, ಅದಕ್ಕೇ ಧೈರ್ಯ ಮಾಡಿ ಹೇಳ್ತೀನಿ, ಬೈಬೇಡ ಕಣೋ,” ಎಂದು ಅಮ್ಮ ಒಂದಿಷ್ಟೂ ನಡುಗದ ಕೈಯಿಂದ ಡಬ್ಬಿ ಚಾಚಿದಳು, “ನಾನು ಒಂದನ್ನೂ ಎಸೆದಿಲ್ಲ, ದಿನಾ ನಿನ್ನ ಕಣ್ಣು ತಪ್ಪಿಸಿ ನುಂಗ್ತಿದ್ದೆ, ಇದೂ ಖಾಲಿಯಾಯ್ತು, ನಾಳೆ ಇನ್ನೊಂದು ಇಸ್ಕೊಂಡು ಬರ್ತೀಯಾ?”