ಬೈಯುವ ಹಕ್ಕು

ಸಂದರ್ಶನ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ, ಅಭ್ಯರ್ಥಿ ಎಪೆನಿಸಾ ಮೇಜಿನ ಮೇಲೆ ಬಾಗಿ, ಅಧ್ಯಕ್ಷೆಯ ತಟ್ಟೆಯಲ್ಲಿದ್ದ ತೆಂಗಿನಹಾಲಿನ ಬನ್ನನ್ನು ಎತ್ತಿ ಬಾಯಿಗೆ ಹಾಕಿಕೊಂಡ. ಆಕೆಯ ಪಕ್ಕದಲ್ಲಿ ಕೂತು ಸಂದರ್ಶನ ಮಾಡುತ್ತಿದ್ದ ಬಿಸುನ್‌ದೇವ್‌ಗೆ ಉಸಿರೇ ನಿಂತಂತಾಯಿತು. ಸುವಾ ಬಂದರಿನಿಂದ ದೂರದ ದ್ವೀಪಗಳಿಗೆ ಮೂರು ಹಡಗು ಓಡಿಸುವ ಕಂಪನಿಯ ಒಡತಿ ಮಕಲೇಸಿಯ ಮುಂದೆ ಜನ ಕೆಮ್ಮಲೂ ಹೆದರುತ್ತಿದ್ದರು. ಇವನೋ, ಜನರಲ್ ಮ್ಯಾನೇಜರ್ ಕೆಲಸ ಕೇಳಿಕೊಂಡು ಬಂದವನು!

“ಒಣಗಿ ಹೋಗಿದೆ,” ಎಂದ ಎಪೆನಿಸಾ ಅಗಿಯುತ್ತ. “ನಿಮ್ಮ ದ್ವೀಪದವರಿಗೆ ಬನ್ ಮಾಡೋಕೂ ಬರಲ್ಲ, ಹಡಗು ಓಡಿಸೋಕೂ ಬರಲ್ಲ.”

“ಅಯ್ಯೋ ಕಳ್ಳ! ನಿಮ್ಮೂರಲ್ಲಿ ಬನ್ ಅಂತ ಕಣ್ಣಲ್ಲಾದ್ರೂ ಕಂಡಿದ್ಯಾ?” ಮಕಲೇಸಿ ಮೇಜು ಗುದ್ದಿ ನಕ್ಕಳು.

ಆದದ್ದು ಇಷ್ಟೇ. ನಮ್ಮ ಫಿಜಿಯಲ್ಲಿ ಯಾರೇ ಎದುರು ಕೂತರೂ ಮೊದಲ ಪ್ರಶ್ನೆ ಊರಿನದು. ಅವನು ಊರು ಹೇಳಿದ, ಈಕೆ “ತೌವು!” ಎಂದು ಕಿರುಚಿದಳು. ಒಂದೇ ಕುಲದೈವದ ಎರಡು ಊರಿನವರು ತೌವುಗಳು. ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈಯಬಹುದು, ಕೈಗೆ ಸಿಕ್ಕಿದ್ದನ್ನು ಕಸಿದುಕೊಳ್ಳಬಹುದು. ಕೋಪ ಮಾಡಿಕೊಂಡವರದೇ ಮಾನ ಹೋಗುತ್ತದೆ. ಬಿಸುನ್ ಹುಟ್ಟಿ ಬೆಳೆದದ್ದೂ ಇಲ್ಲೇ, ಇದೆಲ್ಲ ಅವನಿಗೆ ಗೊತ್ತು. ಆದರೆ ಅವನ ಮುತ್ತಜ್ಜ ಭಾರತದಿಂದ ಕಬ್ಬು ಕಡಿಯಲು ಹಡಗು ಹತ್ತಿ ಬಂದವನು. ತೌವು ಎಂಬ ಭಾಗ್ಯ ಬಿಸುನ್‌ನ ಹಣೆಯಲ್ಲಿ ಬರೆದಿರಲಿಲ್ಲ. ಕಂಪನಿಯ ಎಲ್ಲರಂತೆ ಅವನೂ ಆಕೆಯನ್ನು ತಲೆ ತಗ್ಗಿಸಿ ‘ಮರಾಮಾ’, ಅಂದರೆ ಅಮ್ಮಾವರೇ, ಎಂದೇ ಕರೆಯಬೇಕು.

“ಸರಿ, ನಮ್ಮ ಲುಸಿಯಾನಾ ಬಗ್ಗೆ ಏನಂತೀಯ?” ಎಂದು ಮಕಲೇಸಿ ಕೇಳಿದಾಗ ಬಿಸುನ್‌ನ ಕಿವಿ ನೆಟ್ಟಗಾಯಿತು. ಲುಸಿಯಾನಾ ಎಂದರೆ ಆಕೆ ಹಟ ಹಿಡಿದು ಕೊಂಡು, ತೀರಿಹೋದ ತಾಯಿಯ ಹೆಸರಿಟ್ಟ ದೊಡ್ಡ ಹಡಗು. ಸಣ್ಣ ದ್ವೀಪಗಳ ಹವಳದ ದಿಬ್ಬ ದಾಟಲಾಗದೆ ಅದು ಸಮುದ್ರದಲ್ಲೇ ನಿಲ್ಲುತ್ತಿತ್ತು. ಜನ, ಸಾಮಾನು ಎಲ್ಲವನ್ನೂ ದೋಣಿಗೆ ಇಳಿಸಬೇಕು. ಉಳಿದೆರಡು ಹಡಗು ದುಡಿದದ್ದನ್ನು ಇದೊಂದೇ ಕುಡಿದು ಹಾಕುತ್ತಿತ್ತು. ಹೀಗೇ ಹೋದರೆ ಕ್ರಿಸ್‌ಮಸ್ ಹೊತ್ತಿಗೆ ಕಂಪನಿಗೆ ಬೀಗ, ಎಲ್ಲರೂ ಬೀದಿಗೆ. ಸರಕು ವಿಭಾಗದ ಮುಖ್ಯಸ್ಥನಾದ ಬಿಸುನ್‌ಗೆ ಇದು ಚೆನ್ನಾಗಿ ಗೊತ್ತಿತ್ತು, ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಬೆಳಗಿನಿಂದ ಬಂದ ಅಭ್ಯರ್ಥಿಗಳಂತೂ ಲುಸಿಯಾನಾ ಹಡಗಲ್ಲ, ತೇಲುವ ಅರಮನೆ ಎಂದು ಹಾಡಿ ಹೊಗಳಿ ಹೋಗಿದ್ದರು.

“ಅದು ಹಡಗಾ? ಹಂದಿಗೆ ಮೇವು ಹಾಕೋ ತೊಟ್ಟಿ!” ಎಂದ ಎಪೆನಿಸಾ. “ಇವತ್ತೇ ಮಾರು. ಕೊಳ್ಳೋರು ಸಿಗದಿದ್ರೆ ಮುಳುಗಿಸು.”

ಬೇಕಾದವನು ಸಿಕ್ಕಿಬಿಟ್ಟ! ಬಿಸುನ್‌ಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಮಕಲೇಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಪೆನಿಸಾ ಹೋಗುವಾಗ ಬಾಗಿಲ ಬಳಿಯಿದ್ದ ಆಕೆಯ ಛತ್ರಿಯನ್ನೂ ಎತ್ತಿಕೊಂಡು ಹೋದ. ಅದಕ್ಕೂ ನಕ್ಕಳು.

“ಇವನೇ ಸರಿ ಮರಾಮಾ!” ಬಾಗಿಲು ಮುಚ್ಚುವುದನ್ನೇ ಕಾಯುತ್ತಿದ್ದ ಬಿಸುನ್. “ಆಕ್ಲೆಂಡ್ ಬಂದರಲ್ಲಿ ಪಳಗಿದ ಕೈ. ಹೆದರಿಕೆ ಅನ್ನೋದೇ ಇಲ್ಲ. ಇವತ್ತೇ ಆರ್ಡರ್ ಕೊಟ್ಟುಬಿಡೋಣ.”

“ಬುದ್ಧಿವಂತ, ಒಪ್ಕೋತೀನಿ. ಆದ್ರೆ ಬೇಡ.”

“ಯಾಕೆ?”

“ಹಂದಿ ತೊಟ್ಟಿ ಅಂದಾಗ ನಾನೇನು ಮಾಡಿದೆ?”

“ನಕ್ಕಿರಿ.”

“ಅದೇ ಮತ್ತೆ. ಅವನು ದಿನಾ ಬೈತಾನೆ, ನಾನು ದಿನಾ ನಗ್ತೀನಿ. ಒಂದು ಮಾತೂ ಒಳಗೆ ಇಳಿಯಲ್ಲ.” ಮಕಲೇಸಿ ಕಣ್ಣೊರೆಸಿಕೊಂಡಳು. “ನನ್ನನ್ನ ಬೈಯೋ ಹಕ್ಕಿರೋನು ಬೇಡ ಬಿಸುನ್. ಹಕ್ಕಿಲ್ಲದಿದ್ರೂ ಬೈಯೋನು ಬೇಕು. ಅಂಥವನು ಒಬ್ಬನೂ ಸಿಗ್ತಿಲ್ಲ. ಹೋಗ್ಲಿ, ಮುಂದಿನವನನ್ನ ಕರಿ.”

ಬಿಸುನ್ ಕರೆಯಲಿಲ್ಲ. ಈಗ ಬಿಟ್ಟರೆ ಇನ್ನೆಂದೂ ಇಲ್ಲ ಎನ್ನಿಸಿತು.

“ಮರಾಮಾ, ಅವನು ಹೇಳಿದ್ದು ನಿಜ. ಲುಸಿಯಾನಾನ ಮಾರಬೇಕು.” ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ತಾನಾಗಿ ನುಗ್ಗಿತು. “ನಿಮ್ಮಮ್ಮನ ಹೆಸರು ಅಂತ ಯಾರೂ ಬಾಯಿ ಬಿಡ್ತಿಲ್ಲ, ನಾನೂ ಬಿಟ್ಟಿರಲಿಲ್ಲ. ಅದನ್ನ ಇಟ್ಕೊಂಡ್ರೆ ಉಳಿದ ಎರಡೂ ಹೋಗ್ತವೆ. ನಿಮ್ಮ ಹಟಕ್ಕೆ ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೀತಿದೀರಿ!”

ಈ ಸಲ ಮಕಲೇಸಿ ನಗಲಿಲ್ಲ. ಆಕೆಯ ಮುಖ ಕಪ್ಪಿಟ್ಟಿತು, ಕೆನ್ನೆ ಅದುರಿತು. ಕೆಲಸ ಹೋಯಿತು ಎಂದುಕೊಂಡ ಬಿಸುನ್. ಆದರೂ ಏಕೋ ಮೈ ಹಗುರವಾಗಿತ್ತು.

“ನಾನು ನಿನ್ನ ತೌವು ಅಲ್ಲ,” ಎಂದಳು ಹಲ್ಲು ಕಚ್ಚಿ.

“ಗೊತ್ತು ಮರಾಮಾ.”

“ಮೈಯೆಲ್ಲ ಉರೀತಿದೆ ನಂಗೆ.”

“ಅದೂ ಗೊತ್ತು.”

ಮಕಲೇಸಿ ಧಡಕ್ಕನೆ ಎದ್ದು ಬಾಗಿಲು ತೆರೆದು, ಹೊರಗೆ ಕಾಯುತ್ತಿದ್ದವರೆಲ್ಲ ಮನೆಗೆ ಹೋಗಬಹುದು ಎಂದು ಕೂಗಿ ಹೇಳಿ ಬಂದು ಕೂತಳು.

“ಏನು ನೋಡ್ತಾ ಕೂತಿದೀಯ? ಎದ್ದು ಎದುರಿನ ಕುರ್ಚಿಗೆ ಹೋಗು. ಈ ಕೋಪ ಇಳಿಯೋದ್ರೊಳಗೆ ನಿನ್ನ ಸಂದರ್ಶನ ಮುಗಿಸಿಬಿಡ್ತೀನಿ.”