ಗಿರಣಿಯ ಶಿಫಾರಸು

ಬ್ಯಾಡಗಿಯಲ್ಲಿ ಕೆಲಸ ಕೇಳಿಕೊಂಡು ಹೋದವರ ಪರವಾಗಿ ಮಾಲೀಕರಲ್ಲ, ಹೋದವರು ಹಿಂದೆ ದುಡಿದ ಯಂತ್ರಗಳೇ ಶಿಫಾರಸು ಹೇಳಬೇಕು. ಗುರಸಿದ್ದವ್ವ ಹಿಂದೆ ದುಡಿದಿದ್ದ ಖಾರದ ಗಿರಣಿ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿತ್ತು: "ಕೆಲಸದ ನಡುವ ನನ್ನ ನಿಲ್ಲಿಸಿದ್ಲು." ಐದು ಕಡೆ ಕೆಲಸ ತಪ್ಪಿದ ಮೇಲೆ ಅವಳೂ ಎಲ್ಲರಂತೆ ಸಂತೆಗೆ ಹೋಗಿ, ಸುಳ್ಳು ಗಿರಣಿಯ ದನಿ ತುಂಬಿದ ಡಬ್ಬಿಯೊಂದನ್ನು ಕೊಂಡು ತಂದಳು.

ಹೊಸ ಗಿರಣಿಯ ಮೇಸ್ತ್ರಿ ಈರಪ್ಪ ಡಬ್ಬಿಯ ಕಿವಿ ತಿರುವಿದ.

"ಬಂಗಾರದಂಥ ಹೆಣ್ಣುಮಗಳು," ಎಂದಿತು ದನಿ. "ಹನ್ನೆರಡು ವರ್ಷದಾಗ ಒಂದ್ ದಿನಾನೂ ನನ್ನ ನಿಲ್ಲಿಸಲಿಲ್ಲ."

ಈರಪ್ಪ ತಲೆದೂಗಿದ. "ನಾಳಿಂದ ಬಾರವ್ವ."

ಗುರಸಿದ್ದವ್ವನ ಮೈಯೆಲ್ಲ ಉರಿದುಹೋಯಿತು. ಹಳೆಯ ಗಿರಣಿಯಲ್ಲಿ ಜೊತೆಗೆ ದುಡಿಯುತ್ತಿದ್ದ ದ್ಯಾಮವ್ವ ಇವತ್ತಿಗೂ ಎರಡೂ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆಂದರೆ, ಅಂದು ತಾನು ಗಿರಣಿ ನಿಲ್ಲಿಸಿದ್ದಕ್ಕೇ. ಅವಳು ಡಬ್ಬಿ ಕಿತ್ತುಕೊಂಡು ಅದರ ಬಾಯಿ ಮುಚ್ಚಿಸಿದಳು.

"ಇದು ಸುಳ್ಳು ಹೇಳತೈತ್ರಿ. ದ್ಯಾಮವ್ವನ ಕೈ ಸಿಕ್ಕೊಂಡಿತ್ತು, ನಾನ ನಿಲ್ಲಿಸಿದ್ನಿ. ಇಲ್ಲಿ ಯಾರ ಕೈ ಸಿಕ್ಕರೂ ನಿಲ್ಲಸ್ತೀನಿ. ಕೆಲಸದ ಮಾತು ಆಮ್ಯಾಲೆ. ನಿಮ್ಮ ಗಿರಣಿ ನಿಲ್ಲಿಸೋ ಗುಂಡಿ ಎಲ್ಲೈತಿ, ಮೊದಲ ಅದನ್ನ ತೋರಸ್ರಿ."

ಈರಪ್ಪ ಗೋಡೆಯತ್ತ ನೋಡಿದ. ಅಲ್ಲಿ ಗುಂಡಿಯನ್ನು ಮುಚ್ಚಿ ಮೊಳೆ ಹೊಡೆದು ಕೂರಿಸಿದ್ದ ತಗಡು ತುಕ್ಕು ಹಿಡಿದಿತ್ತು.