ಹರ್ಲಾಪುರದ ಕ್ರಾಸಿಂಗ್

ರೈಲಿನ ಕಿಟಕಿ ಸರಳು ಹಿಡಿದ ಅಂಗೈಯನ್ನು ನಾನು ಈಗಲೂ ಮೂಸಿ ನೋಡುತ್ತೇನೆ. ಆ ಕಬ್ಬಿಣದ ವಾಸನೆಯಲ್ಲಿ ಅಕ್ಕ ಇದ್ದಾಳೆ.

ಗಂಡನ ಮನೆಯಿಂದ ಬಂದವಳು ಮತ್ತೆ ಹೋಗುವುದಿಲ್ಲವೆಂದು ಮಲ್ಲಸಮುದ್ರದ ನಮ್ಮ ಮನೆಯಲ್ಲಿ ಹಟ ಹಿಡಿದು ಕೂತಿದ್ದಳು. ಅಪ್ಪ ಅವಳನ್ನು ಕೊಪ್ಪಳಕ್ಕೆ ಬಿಟ್ಟುಬರಲು ಹೊರಟ. "ಸಣ್ಣಾಕಿನೂ ಬರ್ಲಿ, ಅಕ್ಕಗ ಜೋಡಿ ಆಗತೈತಿ" ಎಂದು ಗದಗಿನಲ್ಲಿ ನನ್ನನ್ನೂ ಪ್ಯಾಸೆಂಜರ್ ಹತ್ತಿಸಿದ.

ಆಗ ಇದ್ದದ್ದು ಒಂದೇ ಹಳಿ. ಎದುರು ಬರುವ ಗಾಡಿಗೆ ದಾರಿ ಬಿಡಲು ನಮ್ಮದು ಹರ್ಲಾಪುರದಲ್ಲಿ ನಿಂತುಬಿಟ್ಟಿತು. ಮಧ್ಯಾಹ್ನದ ಬಿಸಿಲಿಗೆ ಡಬ್ಬಿ ಕಾದ ಹೆಂಚಾಗಿತ್ತು. ನೀರು ತರಲು ಇಳಿಯುವ ಮುಂಚೆ ಅಪ್ಪ ನನ್ನನ್ನೆತ್ತಿ ಅಕ್ಕನ ತೊಡೆಯ ಮೇಲೆ ಕೂರಿಸಿ ನನಗೆ ಹೇಳಿದ, "ನಾ ಬರೂತನಕ ಇಳೀಬ್ಯಾಡ ನೋಡವಾ."

ಎದುರು ಗಾಡಿ ಬಂದು ಪಕ್ಕದಲ್ಲೇ ನಿಂತಿತು. ಅದರ ಕಿಟಕಿಯಿಂದ ಒಬ್ಬ ಮುದುಕಿ ಅಕ್ಕನನ್ನು ಕೇಳಿದಳು, "ಯಾವೂರವಾ ನಿಂದು?"

"ಗದಗ ಹತ್ರ ರೀ."

"ಮತ್ತ ಅತ್ತಾಗ ಯಾಕ ಹೊಂಟಿ? ಗದಗಿಗೆ ಹೋಗೂದು ಈ ಗಾಡಿ. ಜಲ್ದಿ ಬಂದು ಹತ್ತು."

ಅಕ್ಕ ಏಳಲು ಹೋದಳು. ನಾನು ಅವಳ ಕೊರಳಿಗೆ ಜೋತುಬಿದ್ದು ಇನ್ನಷ್ಟು ಭಾರ ಬಿಟ್ಟು ಕೂತೆ. "ಅಪ್ಪ ಇಳೀಬ್ಯಾಡ ಅಂದಾನ." ಅಕ್ಕ ಎರಡೂ ಕೈಯಿಂದ ಸರಳು ಹಿಡಿದಳು.

ಆ ಗಾಡಿ ಹೊರಟಾಗ ನಮ್ಮದೇ ಹೊರಟಿತೆಂದು ಚಪ್ಪಾಳೆ ತಟ್ಟಿದೆ. ಕೊನೆಯ ಡಬ್ಬಿ ದಾಟಿದ ಮೇಲೆ ನೋಡಿದರೆ ನಾವು ಅಲ್ಲೇ ಇದ್ದೆವು. ನನ್ನ ಕೆನ್ನೆ ಸವರಿದ ಅಕ್ಕನ ಅಂಗೈ ಕಬ್ಬಿಣ ನಾರುತ್ತಿತ್ತು.

ಅಪ್ಪ ಬಾಟ್ಲಿ ತುಂಬಿಸಿಕೊಂಡು ಬಂದ. ಇಬ್ಬರನ್ನೂ ನೋಡಿ, ಮೊದಲ ಗುಟುಕು ನನಗೇ ಕುಡಿಸಿದ.

"ಭಾಳ ಶಾಣ್ಯಾಕಿ ನನ್ನ ಮಗಳು."